ಆರಾಧನೆಯಲ್ಲಿ ಡ್ರಮ್ಸ್ ಇರಬೇಕಾ, ಬೇಡವಾ? ಬೈಬಲ್ ವಾಕ್ಯ ಏನು ಹೇಳುತ್ತದೆ?

ಬೆಟಗೇರಿಯ ತಮ್ಮ:
ಎಲ್ಲರಿಗೂ ಕ್ರಿಸ್ತನಲ್ಲಿ ವಂದನೆಗಳು. ಗದಗ-ಬೆಟಗೇರಿಯ ಒಂದು ಕ್ರೈಸ್ತ ಸಭೆಯಲ್ಲಿ ಹಾಡು ನಡೆಸುತ್ತೇನೆ. ಡ್ರಮ್ಸ್ ತಂದ ಮೇಲೆ ಹಿರಿಯರು ಬೇಜಾರಾಗಿದ್ದಾರೆ. ಅವರಿಗೆ ಹಳೆಯ ಸಂಗೀತ ಪುಸ್ತಕ, ಹಾರ್ಮೋನಿಯಂ ಸಾಕು. ಹುಡುಗರಿಗೆ ಹೊಸ ಹಾಡು ಬೇಕು. ಹಾಡಿನ ಸಮಯ ಜಾಸ್ತಿಯಾಗಿದ್ದಕ್ಕೆ ಹಳೆ ಒಡಂಬಡಿಕೆಯ ಪಾಠ ಓದುವುದನ್ನು ಸದ್ಯ ಬಿಟ್ಟಿದ್ದೇವೆ, ಅದಕ್ಕೆ ಯಾರ ತಕರಾರೂ ಇಲ್ಲ. ಭಾನುವಾರ ಮೀಟಿಂಗ್ ಇದೆ. ದೇವರಿಗೆ ಯಾವುದು ಮೆಚ್ಚುಗೆ ಅಂತ ಹೇಗೆ ತೋರಿಸಲಿ?

ಧಾರವಾಡದ ಅಕ್ಕ:
ತಮ್ಮಾ, ನಾನು ಸಂಡೇ ಸ್ಕೂಲ್ ಮಕ್ಕಳಿಗೆ ಪಾಠ ಹೇಳುವವಳು. ನೀನು ಕೇಳಿದ್ದು ಡ್ರಮ್ಸ್ ಬಗ್ಗೆ. ನನಗೆ ನೋವಾಗಿದ್ದು ವಾಕ್ಯ ಓದುವುದು ನಿಂತಿದೆ ಅಂತ ತಿಳಿದು.

2 ಸಮುವೇಲ 6 ತೆಗೆದು ನೋಡು. ಅರಸ ದಾವೀದ ದೇವರ ಮಂಜೂಷವನ್ನು, ಅಂದರೆ ದಶಾಜ್ಞೆಯ ಕಲ್ಲಿನ ಹಲಗೆಗಳಿದ್ದ ಪವಿತ್ರ ಪೆಟ್ಟಿಗೆಯನ್ನು, ಹೊಸ ಚಕ್ಕಡಿಯ ಮೇಲೆ ಇಟ್ಟು ತರುತ್ತಾನೆ. ಜನ ಸಂತೋಷದಿಂದ ವಾದ್ಯ ಬಾರಿಸುತ್ತಿದ್ದಾರೆ. ಅವರ ಭಕ್ತಿಯಲ್ಲಿ ಕೊರತೆ ಇರಲಿಲ್ಲ. ಆದರೆ ಎತ್ತು ಎಡವಿದವು, ಉಜ್ಜ ಕೈ ಚಾಚಿ ಮಂಜೂಷ ಹಿಡಿದ, ಅಲ್ಲೇ ಸತ್ತ. ಮಂಜೂಷವನ್ನು ಲೇವಿಯರು (ದೇವರ ಸೇವೆಗೆ ನೇಮಿಸಿದ ಕುಲದವರು) ಹೆಗಲ ಮೇಲೆ ಹೊರಬೇಕು ಅಂತ ಮೋಶೆಯ ಕಾಲದಲ್ಲೇ ಅಪ್ಪಣೆಯಾಗಿತ್ತು, ಅರಣ್ಯಕಾಂಡ 7:9ರಲ್ಲಿದೆ. ಹಾಗಾದರೆ ಚಕ್ಕಡಿ ಎಲ್ಲಿಂದ ಬಂತು? ಹಿಂದೆ ಮಂಜೂಷವನ್ನು ಹಿಡಿದುಕೊಂಡು ಹೋಗಿದ್ದ ಶತ್ರುಗಳಾದ ಫಿಲಿಷ್ಟಿಯರು ಅದನ್ನು ಚಕ್ಕಡಿಯಲ್ಲೇ ವಾಪಸ್ ಕಳಿಸಿದ್ದರು. ಅವರಿಗೆ ನಡೆಯಿತು, ನಮಗೂ ನಡೆಯುತ್ತದೆ ಅಂದುಕೊಂಡಿರಬೇಕು ಅಂತ ನನಗನ್ನಿಸುತ್ತದೆ.

ಮುಂದಿನದು 1 ಪೂರ್ವಕಾಲವೃತ್ತಾಂತ 15ರಲ್ಲಿದೆ. ನಾವು ದೇವರನ್ನು ನಿಯಮದ ಪ್ರಕಾರ ಹುಡುಕಲಿಲ್ಲ ಅಂತ ದಾವೀದನೇ ಒಪ್ಪುತ್ತಾನೆ. ಎರಡನೇ ಸಲ ಲೇವಿಯರು ಹೆಗಲ ಮೇಲೆ ಹೊತ್ತರು. ಆಗಲೂ ಕಿನ್ನರಿ, ತಾಳ, ತುತೂರಿ ಎಲ್ಲ ಇದ್ದವು! ವಾದ್ಯ ಬಿಡಿಸಲಿಲ್ಲ, ಚಕ್ಕಡಿ ಬಿಡಿಸಿದರು.

ಅದಕ್ಕೇ ಹಿರಿಯರಿಗೂ ಒಂದು ಮಾತು. ನಮ್ಮದು ಅಂತ ನಾವು ಹಾಡುವ ಎಷ್ಟೋ ರಾಗಗಳು ಜರ್ಮನಿಯವು. ಅವನ್ನು ತಂದ ಕ್ರೈಸ್ತ ಮಿಷನರಿ ಸಂಸ್ಥೆ ಬಾಸೆಲ್ ಮಿಷನ್‌ನವರು ಧಾರವಾಡಕ್ಕೆ ಬಂದದ್ದು 1837ರಲ್ಲಿ. ಆಗ ಆ ರಾಗ ಇಲ್ಲಿಯವರ ಕಿವಿಗೆ ಹೊಸದೇ ಅಲ್ವಾ? ಹಳೆಯದು ಅನ್ನೋದೊಂದೇ ದೇವರ ಅಪ್ಪಣೆ ಆಗುವುದಿಲ್ಲ. ಆದರೆ ಸಭೆಯಲ್ಲಿ ವಾಕ್ಯ ಓದಬೇಕು ಅನ್ನೋದು ಸ್ಪಷ್ಟ ಅಪ್ಪಣೆ, 1 ತಿಮೊಥೆ 4:13. ನೀವು ಬಿಟ್ಟಿರುವುದು ಅದನ್ನೇ.

ರಾಣೆಬೆನ್ನೂರಿನ ಅಣ್ಣ:
ಅಕ್ಕಾರ, ದೇವರು ಹೃದಯ ನೋಡುತ್ತಾನೆ. ಆತ್ಮದಿಂದ ಆರಾಧಿಸಿ ಅಂತ ಯೇಸುವೇ ಸಮಾರ್ಯದ ಹೆಂಗಸಿಗೆ ಹೇಳಿದ. ಇಷ್ಟು ಕಟ್ಟುನಿಟ್ಟು ಯಾಕೆ? ಹುಡುಗರು ಸಭೆಗೆ ಬರುವುದೇ ದೊಡ್ಡದು.

ಧಾರವಾಡದ ಅಕ್ಕ:
ಅಣ್ಣಾ, ಹುಡುಗರು ಬರಲಿ ಅಂತ ನಾನೂ ಬೇಡಿಕೊಳ್ಳುತ್ತೇನೆ. ಆದರೆ ಯೋಹಾನ 4ರಲ್ಲಿ ಆತ್ಮದಿಂದಲೂ ಸತ್ಯದಿಂದಲೂ ಅಂತ ಎರಡೂ ಇದೆ. ಇಸ್ರಾಯೇಲ್ಯರು ಪೂಜೆಗೆ ಚಿನ್ನದ ಕರು ಮಾಡಿಸಿಕೊಂಡಾಗ ಮೋಶೆಯ ಅಣ್ಣ ಆರೋನ ಸಾರಿದ್ದು ಕರ್ತನ ಹಬ್ಬ ಅಂತಲೇ. ಜನ ಬೆಳಿಗ್ಗೆ ಬೇಗ ಎದ್ದು ಬಂದರು, ಯಜ್ಞ ಅರ್ಪಿಸಿದರು. ಅಷ್ಟು ಉತ್ಸಾಹವನ್ನೂ ದೇವರು ಮೆಚ್ಚಲಿಲ್ಲ. ಹೃದಯ ನೋಡುವ ದೇವರೇ ಹೇಗೆ ಬರಬೇಕು ಅಂತಲೂ ಹೇಳಿದ್ದಾನೆ. ನಮಗೆ ಇಷ್ಟವಾದದ್ದು ಆತನಿಗೂ ಇಷ್ಟ ಅಂತ ನಾವೇ ತೀರ್ಮಾನ ಮಾಡಬಾರದು.

ಹಾಗಂತ ಎಲ್ಲದಕ್ಕೂ ವಚನ ಹುಡುಕಬೇಕಿಲ್ಲ. ಎಷ್ಟು ಗಂಟೆಗೆ ಸೇರುವುದು, ಚಾಪೆಯೋ ಕುರ್ಚಿಯೋ, ಮೈಕ್ ಬೇಕೋ ಬೇಡವೋ, ಇವನ್ನು ಸಭೆ ಕೂತು ಮಾತಾಡಿ ಮಾಡಿಕೊಳ್ಳಲಿ. ಡ್ರಮ್ಸ್ ಸದ್ದಿಗೆ ಹಾಡಿನ ಮಾತೇ ಕೇಳಿಸದಿದ್ದರೆ ಸದ್ದು ಕಡಿಮೆ ಮಾಡಲೇಬೇಕು. ಕೊಲೊಸ್ಸೆ 3:16ರಂತೆ ಹಾಡಿನಿಂದ ಒಬ್ಬರಿಗೊಬ್ಬರು ಕಲಿಸಬೇಕಲ್ಲ.

ಬೆಟಗೇರಿಯ ತಮ್ಮ:
ಅಕ್ಕಾ, ಮೀಟಿಂಗ್‌ನಲ್ಲಿ ಮೊದಲು ಪಾಠ ಓದುವುದನ್ನೇ ಎತ್ತುತ್ತೇನೆ. ಒಂದು ಹಾಡು ಬಿಟ್ಟರೆ ಸಮಯ ಸಿಗುತ್ತದೆ. ಆದರೆ ಹಳೆಯ ಕನ್ನಡ ಹುಡುಗರಿಗೆ ತಿಳಿಯುವುದಿಲ್ಲ ಅಂತಾರೆ.

ಧಾರವಾಡದ ಅಕ್ಕ:
ನೆಹೆಮೀಯ 8 ಓದು. ಯಾಜಕ ಎಜ್ರ ಧರ್ಮಶಾಸ್ತ್ರವನ್ನು ಬೆಳಗಿನಿಂದ ಮಧ್ಯಾಹ್ನದವರೆಗೆ ಓದಿದ, ಲೇವಿಯರು ಜನಕ್ಕೆ ಅರ್ಥ ಬಿಡಿಸಿ ಹೇಳಿದರು. ಓದುವವರು ಶನಿವಾರವೇ ಭಾಗ ನೋಡಿಕೊಂಡು ಬರಲಿ. ಓದುವ ಮುಂಚೆ ಕಷ್ಟದ ಮಾತಿಗೆ ಅರ್ಥ ಹೇಳಲಿ. ಆ ಕೆಲಸ ಹುಡುಗರಿಗೇ ಕೊಡು.