ಮನೆ ಇನ್ವರ್ಟರ್‌ಗೆ ಸೋಡಿಯಂ ಬ್ಯಾಟರಿ ಸಿಗುವ ತನಕ ಕಾಯಬೇಕಾ?

ಮಲೆನಾಡ_ಸೋಲಾರ್:
ಲೆಡ್ ಆಸಿಡ್ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಹಾಕಿ ಹಾಕಿ ಸಾಕಾಗಿದೆ. ಲಿಥಿಯಂ ತಗೊಳ್ಳಲಾ, ಇಲ್ಲ ಸೋಡಿಯಂ ಅಯಾನ್‌ಗೆ ಕಾಯಲಾ? ಉಪ್ಪಿನಷ್ಟೇ ಅಗ್ಗ ಅಂತಾರೆ, ನಿಜಾನಾ?

ತಂತಿಪಕ್ಕಡ:
ಉಪ್ಪು ಅಗ್ಗ, ಬ್ಯಾಟರಿ ಅಲ್ಲ. ಲಿಥಿಯಂ ಸೆಲ್‌ನಲ್ಲಿ ಒಂದು ಕಡೆ ತಾಮ್ರದ ಹಾಳೆ ಬೇಕೇ ಬೇಕು, ಸೋಡಿಯಂ ಸೆಲ್‌ನಲ್ಲಿ ಎರಡೂ ಕಡೆ ಅಗ್ಗದ ಅಲ್ಯೂಮಿನಿಯಂ ಸಾಕು, ಉಳಿತಾಯ ಇರುವುದು ಅಲ್ಲಿ. ಆದರೆ ಲಿಥಿಯಂ ಸೆಲ್‌ನ ಗ್ರಾಫೈಟ್ ಬದಲು ಇದರಲ್ಲಿ ಹಾಕುವ ಹಾರ್ಡ್ ಕಾರ್ಬನ್ ಅನ್ನೋ ಇಂಗಾಲ ಅಗ್ಗದ್ದಲ್ಲ. ಚೀನಾದ ಬ್ಯಾಟರಿ ಕಂಪನಿ ಸಿಎಟಿಎಲ್ 2021ರಲ್ಲಿ ತೋರಿಸಿದ ಸೋಡಿಯಂ ಸೆಲ್ ಕೆಜಿಗೆ 160 ವ್ಯಾಟ್ ಅವರ್, ಅಂದರೆ ಅಷ್ಟೇ ಚಾರ್ಜ್‌ಗೆ ಲಿಥಿಯಂಗಿಂತ ತೂಕ ಜಾಸ್ತಿ. ಆದರೆ ಮನೆ ಮೂಲೆಯಲ್ಲಿ ಕೂರುವ ಬ್ಯಾಟರಿಗೆ ತೂಕದ ಚಿಂತೆ ಯಾಕೆ ಬಿಡಿ.

ಫ್ಯೂಸ್_ಹೋಯ್ತು:
ಮೊದಲು ವೋಲ್ಟೇಜ್ ನೋಡಿ ಸ್ವಾಮಿ! ಸೋಡಿಯಂ ಸೆಲ್ ತುಂಬಿದಾಗ 4 ವೋಲ್ಟ್ ಹತ್ತಿರ ಇರುತ್ತದೆ, ಖಾಲಿಯಾಗುವಾಗ 1.5ರವರೆಗೂ ಇಳಿಯುತ್ತದೆ. ಅಷ್ಟು ಏರಿಳಿತ ನಮ್ಮ ಹಳೆ ಇನ್ವರ್ಟರ್‌ಗೆ ಗೊತ್ತೇ ಇಲ್ಲ, ಒಳಗೆ ಇನ್ನೂ ಚಾರ್ಜ್ ಇರುವಾಗಲೇ ಲೋ ಬ್ಯಾಟರಿ ಅಂತ ಕೂಗಿ ಆಫ್ ಆಗುತ್ತದೆ.

ಜಕ್ಕೂರು_ಹುಡುಗಿ:
ಬೆಂಗಳೂರಲ್ಲಿ ನಮ್ಮ ಜಕ್ಕೂರಿನ ಜವಾಹರಲಾಲ್ ನೆಹರು ವಿಜ್ಞಾನ ಸಂಶೋಧನಾ ಕೇಂದ್ರದವರು 2025ರಲ್ಲಿ 6 ನಿಮಿಷಕ್ಕೆ 80% ಚಾರ್ಜ್ ಆಗುವ ಸೋಡಿಯಂ ಬ್ಯಾಟರಿ ಮಾಡಿದ್ದಾರೆ. ಆದರೆ ಅದು ಲ್ಯಾಬ್ ಮಾತು, ಅಂಗಡಿಗೆ ಹೋಗಿ ಕೇಳಬೇಡಿ.

ಮಲೆನಾಡ_ಸೋಲಾರ್:
ಮಳೆಗಾಲದಲ್ಲಿ ಇಲ್ಲಿ ಕರೆಂಟ್ ಹೋದರೆ ಹೋದಂಗೇ. ಸುಮ್ನೆ ಲಿಥಿಯಂ ಬ್ಯಾಟರಿನೇ, ಅದರಲ್ಲಿ ಲಿಥಿಯಂ ಐರನ್ ಫಾಸ್ಫೇಟ್ ಅನ್ನೋ ಬಗೆ, ತಗೊಳ್ತೀನಿ.