ಟ್ರೇಲರ್ ರಿವರ್ಸ್ ತೆಗೆಯೋದು ನೀವೆಲ್ಲ ಹೇಗೆ ಕಲಿತಿರಿ?

ಅಣ್ಣಂದಿರೇ, ಆರು ವರ್ಷ ಹತ್ತು ಚಕ್ರದ ಲಾರಿ ಓಡಿಸಿದ್ದೇನೆ. ಈಗ ಹೊಸೂರಲ್ಲಿ 40 ಅಡಿ ಕಂಟೇನರ್ ಟ್ರೇಲರ್ ಕೊಟ್ಟಿದ್ದಾರೆ. ಚೆನ್ನೈಗೆ ಹೋಗಿ ಬರೋದು ಕಷ್ಟ ಇಲ್ಲ. ಹಿಂದಕ್ಕೆ ತೆಗೆದರೆ ಮಾತ್ರ ಹಾರ್ಸ್ (ಎಂಜಿನ್, ಕ್ಯಾಬಿನ್ ಇರುವ ಮುಂದಿನ ಗಾಡಿ) ಒಂದು ಕಡೆ, ಟ್ರೇಲರ್ ಒಂದು ಕಡೆ. ಏನು ಮಾಡಲಿ?

ಹೊಸೂರಿನಿಂದ:
ತಮ್ಮಾ, ನಿನಗೆ ಕೈಕೊಡುತ್ತಿರೋದು ಹಳೇ ಲಾರಿಯ ಅಭ್ಯಾಸ. ಲಾರಿಯಲ್ಲಿ ಸ್ಟೇರಿಂಗ್ ಬಲಕ್ಕೆ ತಿರುಗಿಸಿದರೆ ಹಿಂಭಾಗವೂ ಬಲಕ್ಕೇ ಹೋಗುತ್ತದೆ. ಇಲ್ಲಿ ಹಾಗಲ್ಲ. ಹಾರ್ಸ್‌ನ ಹಿಂಭಾಗ ಬಲಕ್ಕೆ ಸರಿದು ಟ್ರೇಲರ್‌ನ ಮೂತಿಯನ್ನ ಬಲಕ್ಕೆ ತಳ್ಳುತ್ತದೆ, ಬಾಲ ಎಡಕ್ಕೆ ಹೋಗುತ್ತದೆ. ನನಗೆ ಕಲಿಸಿದವರು ಸ್ಟೇರಿಂಗ್‌ನ ಕೆಳಭಾಗದಲ್ಲಿ, ಗಡಿಯಾರದ 6 ಇರುವ ಜಾಗದಲ್ಲಿ, ಕೈ ಇಡಿಸಿದರು. ಬಾಲ ಯಾವ ಕಡೆ ಹೋಗಬೇಕೋ ಕೈ ಆ ಕಡೆ. ಅಷ್ಟೇ.

ಬಾಲ ತಿರುಗಲು ಶುರುವಾದ ಕೂಡಲೇ ಸ್ಟೇರಿಂಗ್ ವಾಪಸ್ ತರಬೇಕು. ಇನ್ನೂ ಸ್ವಲ್ಪ ಬರಲಿ ಅಂತ ಕಾದರೆ ಗಾಡಿ ಮಡಚಿಕೊಳ್ಳುತ್ತದೆ, ಕ್ಯಾಬಿನ್‌ಗೆ ಪೆಟ್ಟು, ಏರ್ ಪೈಪ್ ಕಿತ್ತುಬರುತ್ತದೆ. ನೇರ ತೆಗೆಯುವಾಗ ಯಾವ ಕನ್ನಡಿಯಲ್ಲಿ ಟ್ರೇಲರ್ ಜಾಸ್ತಿ ಕಾಣಿಸುತ್ತದೋ ಆ ಕಡೆಗೇ ಸ್ಟೇರಿಂಗ್ ಒಂಚೂರು ತಿರುಗಿಸು, ನೇರ ಆಗುತ್ತದೆ.

ನನ್ನ ಮೊದಲ ವರ್ಷದ ವಿಷಯ ಹೇಳುತ್ತೇನೆ. ಸಿಪ್ಕಾಟ್ ಕೈಗಾರಿಕಾ ಪ್ರದೇಶದ ಒಳಗೆ ಒಂದು ಗೋದಾಮು, ರಾತ್ರಿ, ಎಡಕ್ಕೆ ತಿರುಗಿಸಿ ಒಳಗೆ ಹಾಕಬೇಕಿತ್ತು. ಕ್ಲೀನರ್ ಹುಡುಗ ತಮಿಳಲ್ಲಿ ‘ವಾ ವಾ’ (ಬಾ ಬಾ) ಅಂತ ಕೂಗುತ್ತಲೇ ಇದ್ದ. ಕನ್ನಡಿಯಲ್ಲಿ ಟ್ರೇಲರ್‌ನ ಪಕ್ಕ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಕರ್ ಅಂತ ಸದ್ದು. ಇಳಿದು ನೋಡಿದರೆ ಗೇಟಿನ ಕಲ್ಲುಕಂಬ ವಾಲಿತ್ತು, ಹುಡುಗ ಅದರಿಂದ ಎರಡು ಹೆಜ್ಜೆ ದೂರದಲ್ಲಿದ್ದ. ಆ ಎರಡು ಹೆಜ್ಜೆ ನೆನಪಾದರೆ ಈಗಲೂ ಹೊಟ್ಟೆ ತೊಳಸುತ್ತದೆ. ಕ್ಲೀನರ್ ಕನ್ನಡಿಯಿಂದ ಮರೆಯಾದ ಅಂದರೆ ಬ್ರೇಕ್ ಹಾಕು. ಧ್ವನಿ ನಂಬಬೇಡ. ಅನುಮಾನ ಬಂದರೆ ನೀನೇ ಇಳಿದು ನೋಡು, ಹತ್ತು ಸಲ ಆದರೂ ಸರಿ.

ರಾಯಕೋಟೆಯಿಂದ:
ಗಿಡ್ಡ ಟ್ರೇಲರ್ ಸುಲಭ ಅಂತ ಅದರಲ್ಲಿ ಕಲಿಯಬೇಡಿ. ನಾನು ಟೊಮೆಟೊ ಮಂಡಿಗೆ ಟ್ರಾಕ್ಟರ್ ಟ್ರಾಲಿ ಹೊಡೆಯುತ್ತಿದ್ದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಅಡ್ಡ ತಿರುಗುತ್ತಿತ್ತು. ಉದ್ದದ್ದು ನಿಧಾನ, ಸರಿಮಾಡಿಕೊಳ್ಳಲು ಸಮಯ ಸಿಗುತ್ತದೆ.

ಬಾಗಲೂರಿನಿಂದ:
ಮೇಲಿನ ಅಣ್ಣ ಹೇಳಿದ ಎಡಗಡೆ ವಿಷಯಕ್ಕೆ ಒಂದು ಮಾತು. ನಾವು ಕೂರೋದು ಬಲಕ್ಕೆ, ಅಲ್ವಾ? ಜಾಗ ಇದ್ದರೆ ಸುತ್ತು ಹೊಡೆದಾದರೂ ಬಾಲ ಬಲಕ್ಕೆ ಬಾಗುವ ಹಾಗೆ ಗಾಡಿ ನಿಲ್ಲಿಸಿಕೊಳ್ಳಿ. ಕಿಟಕಿಯಿಂದ ತಲೆ ಹಾಕಿದರೆ ಹಿಂದಿನ ಚಕ್ರವೇ ಕಾಣುತ್ತದೆ. ಕೆಟ್ಟಿತು ಅನಿಸಿದರೆ ಮುಂದಕ್ಕೆ ಎಳೆದು ನೇರ ಮಾಡಿ ಮತ್ತೆ ಬನ್ನಿ. ಹಾರ್ನ್ ಹೊಡೆಯುವವರು ಹೊಡೆಯಲಿ.

ನಾನು ಭಾನುವಾರ ಖಾಲಿ ಯಾರ್ಡ್‌ನಲ್ಲಿ ಸುಣ್ಣದ ಗೆರೆ ಎಳೆದು, ಎರಡು ಹಳೇ ಟೈರ್ ಇಟ್ಟು ಕಲಿತೆ. ಮೊದಲ ಎರಡು ವಾರ ಬರೀ ನೇರ. ತಮ್ಮಾ, ನಿನಗೆ ಭಾನುವಾರ ರಜಾ ಇದ್ದರೆ ಹೇಳು. ಟೈರ್ ಇನ್ನೂ ಅಲ್ಲೇ ಇವೆ, ನಾನೂ ಬರುತ್ತೇನೆ.