ಛೇದದಲ್ಲಿರುವ ಎಕ್ಸ್ ಅನ್ನು ಯಾವಾಗ ಬಿಡಬಹುದು?

ಪ್ರಶ್ನೆ (ಪ್ರಥಮ ಪಿಯು ವಿದ್ಯಾರ್ಥಿನಿ):
ಸರ್, ಒಂದು ಲೀಟರ್ ಪಾತ್ರೆಯಲ್ಲಿ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ 0.1 ಮೋಲ್ ಡೈನೈಟ್ರೊಜನ್ ಟೆಟ್ರಾಕ್ಸೈಡ್ ಇದೆ. ಅದರ ಒಂದು ಅಣು ಒಡೆದು ನೈಟ್ರೊಜನ್ ಡೈಆಕ್ಸೈಡಿನ ಎರಡು ಅಣುಗಳಾಗುತ್ತವೆ. ಸಮತೋಲನ ಸ್ಥಿರಾಂಕ (ಡೈಆಕ್ಸೈಡಿನ ಸಾರತೆಯ ವರ್ಗ ÷ ಟೆಟ್ರಾಕ್ಸೈಡಿನ ಸಾರತೆ; ಸಾರತೆ ಎಂದರೆ ಲೀಟರಿಗೆ ಎಷ್ಟು ಮೋಲ್ ಎಂಬುದು) 0.0046. ಒಡೆದ ಟೆಟ್ರಾಕ್ಸೈಡ್ ಎಕ್ಸ್ ಮೋಲ್ ಎಂದುಕೊಂಡೆ. ಸ್ಥಿರಾಂಕ ಚಿಕ್ಕದಲ್ಲವೇ ಎಂದು ಛೇದದ ಎಕ್ಸ್ ಅನ್ನು ಕೈಬಿಟ್ಟೆ. ಡೈಆಕ್ಸೈಡಿನ ಸಾರತೆ 0.0214 ಬಂತು, ಕೊಟ್ಟಿರುವ ಉತ್ತರ 0.0203. ಅಸಿಟಿಕ್ ಆಮ್ಲದ ಲೆಕ್ಕದಲ್ಲಿ ಇದೇ ಉಪಾಯ ಸರಿಹೋಗಿತ್ತು. ಇಲ್ಲಿ ಏಕೆ ಕೈಕೊಟ್ಟಿತು?

ಉತ್ತರ (ರಸಾಯನಶಾಸ್ತ್ರ ಉಪನ್ಯಾಸಕ):
ಚಿಕ್ಕದು ಎಂದರೆ ಯಾವುದಕ್ಕಿಂತ ಚಿಕ್ಕದು? ನೋಡಬೇಕಾದದ್ದು ಅದನ್ನೇ. ಅಸಿಟಿಕ್ ಆಮ್ಲದ ಸ್ಥಿರಾಂಕ 0.000018, 0.1 ಮೋಲಾರ್ ದ್ರಾವಣದಲ್ಲಿ ಒಡೆಯುವುದು ನೂರಕ್ಕೆ ಸುಮಾರು 1.3 ಭಾಗದಷ್ಟು ಮಾತ್ರ. ನಿಮ್ಮ ಲೆಕ್ಕದಲ್ಲಿ ಎಕ್ಸ್ 0.0107, ಅಂದರೆ ಆರಂಭದ ಸಾರತೆಯಲ್ಲಿ ಹತ್ತನೇ ಒಂದು ಪಾಲಿಗಿಂತ ಹೆಚ್ಚು. ಶೇಕಡಾ 5 ದಾಟಿದರೆ ಬಿಡಬಾರದು ಎಂಬುದು ರೂಢಿಯ ನಿಯಮ.

ಸರಿಯಾದ ಸಮೀಕರಣ: (2ಎಕ್ಸ್)² ÷ (0.1 − ಎಕ್ಸ್) = 0.0046. ವರ್ಗ ಸಮೀಕರಣವನ್ನು ಬಿಡಿಸಿದರೆ ಎಕ್ಸ್ = 0.01016, ಡೈಆಕ್ಸೈಡ್ 0.0203, ಟೆಟ್ರಾಕ್ಸೈಡ್ 0.0898.

ವರ್ಗ ಸಮೀಕರಣ ಬೇಸರವೆನಿಸಿದರೆ ನಿಮ್ಮ 0.0107 ಅನ್ನು ಎಸೆಯಬೇಡಿ. ಛೇದದಲ್ಲಿ 0.1ರ ಬದಲು 0.1 − 0.0107 = 0.0893 ಇಟ್ಟು ಇನ್ನೊಮ್ಮೆ ಬಿಡಿಸಿ: 0.01013. ಆ ಬೆಲೆಯನ್ನು ಛೇದದ ಎಕ್ಸ್‌ಗೆ ಹಾಕಿದರೆ 0.01017. ಎರಡೇ ಸುತ್ತಿಗೆ ಉತ್ತರ ಕೈಗೆ ಬಂತು. ನನಗಂತೂ ಸೂತ್ರಕ್ಕಿಂತ ಈ ದಾರಿಯೇ ಇಷ್ಟ.

ಬಂದ ಸಾರತೆಗಳನ್ನು ಮತ್ತೆ ಸ್ಥಿರಾಂಕದ ಸೂತ್ರಕ್ಕೆ ಹಾಕಿ ನೋಡುವ ಅಭ್ಯಾಸವಿರಲಿ. ನಿಮ್ಮ ಮೊದಲ ಉತ್ತರವನ್ನು ಹಾಕಿದರೆ 0.0052 ಬರುತ್ತದೆ, ತಪ್ಪು ಅಲ್ಲೇ ಸಿಕ್ಕಿಬೀಳುತ್ತಿತ್ತು.

ಇನ್ನೊಬ್ಬರ ಪ್ರಶ್ನೆ:
ಇದೇ ಪಾತ್ರೆಯಲ್ಲಿ ಮೊದಲೇ 0.03 ಮೋಲ್ ಡೈಆಕ್ಸೈಡ್ ಕೂಡ ಇದ್ದರೆ? ನನಗೆ ಎಕ್ಸ್‌ನ ಎರಡೂ ಬೆಲೆಗಳು ಋಣವಾಗಿಯೇ ಬಂದಿವೆ: −0.0041 ಮತ್ತು −0.0271. ಋಣ ಮೂಲವನ್ನು ಬಿಟ್ಟುಬಿಡಿ ಎಂದು ಟ್ಯೂಷನ್‌ನಲ್ಲಿ ಹೇಳಿದ್ದಾರೆ. ಎರಡನ್ನೂ ಬಿಟ್ಟರೆ ಉಳಿಯುವುದೇನು, ಸರ್?

ಉತ್ತರ:
ಆ ಮಾತನ್ನು ಅರ್ಧಕ್ಕೇ ನಿಲ್ಲಿಸಿ ಕಲಿಸುವುದರಿಂದ ಬರುವ ತೊಡಕು ಇದು. ಋಣವಾಗಬಾರದ್ದು ಸಾರತೆ, ಎಕ್ಸ್ ಅಲ್ಲ. ಆರಂಭದಲ್ಲಿ 0.03² ÷ 0.1 = 0.009, ಸ್ಥಿರಾಂಕಕ್ಕಿಂತ ದೊಡ್ಡದು. ಆದ್ದರಿಂದ ಕ್ರಿಯೆ ಹಿಮ್ಮುಖವಾಗಿ ಸಾಗುತ್ತದೆ: ಕಂದು ಬಣ್ಣದ ಡೈಆಕ್ಸೈಡ್ ಕೂಡಿಕೊಂಡು ಬಣ್ಣವಿಲ್ಲದ ಟೆಟ್ರಾಕ್ಸೈಡ್ ಆಗುತ್ತದೆ, ಪಾತ್ರೆಯ ಬಣ್ಣ ತುಸು ತಿಳಿಯಾಗುತ್ತದೆ. ನೀವು ಮುಮ್ಮುಖ ಎಂದುಕೊಂಡು ಎಕ್ಸ್ ಬರೆದಿದ್ದೀರಿ. ಋಣ ಚಿಹ್ನೆ ತಿಳಿಸುತ್ತಿರುವುದು ದಿಕ್ಕನ್ನಷ್ಟೇ.

−0.0271 ಹಾಕಿದರೆ ಡೈಆಕ್ಸೈಡಿನ ಸಾರತೆ ಸೊನ್ನೆಗಿಂತ ಕೆಳಗೆ ಹೋಗುತ್ತದೆ, ಅದನ್ನು ಬಿಡಿ. −0.0041 ಹಾಕಿದರೆ ಡೈಆಕ್ಸೈಡ್ ಸುಮಾರು 0.0219, ಟೆಟ್ರಾಕ್ಸೈಡ್ 0.1041. ಇದೇ ಉತ್ತರ.